ಅಸ್ತಮಾನದಿಂದ ಆರಂಭ ಬೇಡ

ಮಾನ್ಯ ಸಂಪಾದಕರೇ,

ಚಿತ್ರದುರ್ಗವನ್ನು ಆಳಿದ ನಾಯಕರ ಬಗ್ಗೆ ತ.ರಾ.ಸು. ಬರೆದ ಕಾದಂಬರಿಗಳನ್ನು ಹೊಸದಾಗಿ ಓದುವವರು ‘ದುರ್ಗಾಸ್ತಮಾನ’ದಿಂದಲೇ ಶುರು ಮಾಡಬಹುದು, ಅದು ಬಿಡಿಯಾಗಿಯೂ ನಿಲ್ಲುತ್ತದೆ ಎಂದು ಕಳೆದ ಭಾನುವಾರದ ಪುರವಣಿಯಲ್ಲಿ ಓದಿದೆ. ನಿಲ್ಲುವುದು ನಿಜ. ಆದರೂ ಬೇಡ. ಆ ತಪ್ಪು ಮಾಡಿದವನು ನಾನು, ಅದಕ್ಕೇ ಈ ಪತ್ರ.

1986ರಲ್ಲಿ ನಾನಿನ್ನೂ ಹೊಸ ಕಂಡಕ್ಟರ್. ಆ ಪುಸ್ತಕಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದು ಊರೆಲ್ಲ ಅದೇ ಮಾತು. ನೋಡಲು ತ.ರಾ.ಸು. ಇರಲಿಲ್ಲ, 1984ರಲ್ಲೇ ತೀರಿಕೊಂಡಿದ್ದರು. ಹಳ್ಳಿಯಲ್ಲಿ ನೈಟ್ ಹಾಲ್ಟ್ ಆದಾಗ ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಮಲಗಿ ಬ್ಯಾಟರಿ ಬೆಳಕಿನಲ್ಲಿ ಓದಿದೆ. ಪುಟದ ಗುರುತಿಗೆ ಹರಿದ ಟಿಕೆಟ್. 1779ರಲ್ಲಿ ಕೋಟೆ ಹೈದರಾಲಿಯ ಪಾಲಾಗಿ ಮದಕರಿ ನಾಯಕ ಸೆರೆಯಾಗುವ ಹೊತ್ತಿಗೆ ಮೂರು ಜೊತೆ ಸೆಲ್ ಮುಗಿದಿದ್ದವು. ಅಯ್ಯೋ ಪಾಪ ಅನಿಸಿತು, ಅಷ್ಟೇ. ಎಂಟು ವರ್ಷ ಬಿಟ್ಟು ಉಳಿದವನ್ನೆಲ್ಲ ಓದಿ ಮತ್ತೆ ಅದೇ ಪುಸ್ತಕ ಹಿಡಿದಾಗ, ಕೊನೆಯ ಐವತ್ತು ಪುಟ ಓದಲಾಗದೆ ಎರಡು ದಿನ ಮುಚ್ಚಿಟ್ಟಿದ್ದೆ.

ಶುರು ಮಾಡಬೇಕಾದ್ದು ‘ಕಂಬನಿಯ ಕುಯಿಲು’. ಅದರ ಬೆನ್ನಿಗೆ ‘ರಕ್ತರಾತ್ರಿ’, ‘ತಿರುಗುಬಾಣ’. ಈ ಮೂರನ್ನು ಅಗಲಿಸಬಾರದು. ಹೈದರನಿಗಿಂತ ಸುಮಾರು ನೂರು ವರ್ಷ ಹಿಂದಿನ ಕಥೆ, ದಳವಾಯಿ, ಅಂದರೆ ಸೇನಾಪತಿ, ಮುದ್ದಣ್ಣನ ಕಾಲ. ಯುದ್ಧದ ಕಾದಂಬರಿ ಎಂದು ಕುದುರೆ, ಫಿರಂಗಿ ಹುಡುಕಿಕೊಂಡು ಬಂದವರಿಗೆ ಮೊದಲು ಸ್ವಲ್ಪ ಸಪ್ಪೆ ಅನಿಸೀತು. ಹಗೆ ಇಲ್ಲಿ ಕೋಟೆಯ ಹೊರಗೆ ಡೇರೆ ಹಾಕಿ ಕೂತಿಲ್ಲ, ಅರಮನೆಯ ಒಳಗೇ ಓಡಾಡುತ್ತಿದೆ. ಇನ್ನೊಂದು ಮಾತು: ಇಲ್ಲಿ ಬರುವ ಓಬವ್ವ ನಾಗತಿ ರಾಜಮನೆತನದವಳು. ಒನಕೆ ಓಬವ್ವ ಕಾವಲುಗಾರನ ಹೆಂಡತಿ, ಹೈದರನ ಕಾಲದವಳು. ನನ್ನ ಜೊತೆಯ ಡ್ರೈವರ್ ಒಬ್ಬರು ನನ್ನ ಮಾತು ಕೇಳಿ ಪುಸ್ತಕ ಹಿಡಿದು, ವಾರದ ಮೇಲೆ “ಒನಕೆ ಯಾವಾಗ ಬರ್ತದೆ ಕಂಡಕ್ಟ್ರೇ?” ಎಂದಿದ್ದರು.

ಮೂರು ಮುಗಿದ ಮೇಲೆ ಒಂದು ಬೆಳಿಗ್ಗೆ ಕೋಟೆ ಹತ್ತಿ ಬನ್ನಿ. ಓಬವ್ವನ ಕಿಂಡಿಯಲ್ಲಿ ಸೆಲ್ಫಿ ತೆಗೆದು ಇಳಿಯುವವರೇ ಹೆಚ್ಚು. ಸಿಡಿಮದ್ದು ಅರೆಯುತ್ತಿದ್ದ ನಾಲ್ಕು ದೊಡ್ಡ ಬೀಸುಕಲ್ಲುಗಳ ಗುಂಡಿಯ ಹತ್ತಿರ ಐದು ನಿಮಿಷ ನಿಲ್ಲಿ. ನಾಯಕರಿಗೆ ಪಟ್ಟ ಕಟ್ಟುತ್ತಿದ್ದ ಸಂಪಿಗೆ ಸಿದ್ಧೇಶ್ವರನ ಗುಡಿಯ ಮುಂದೆ ಕೂತು, ಆ ಪಟ್ಟಕ್ಕಾಗಿ ಪುಸ್ತಕದಲ್ಲಿ ಹರಿದ ರಕ್ತ ನೆನೆಸಿಕೊಳ್ಳಿ. ಆಮೇಲೆ ‘ಹೊಸಹಗಲು’, ‘ವಿಜಯೋತ್ಸವ’ ಮೊದಲಾದವು. ‘ದುರ್ಗಾಸ್ತಮಾನ’ ಕಟ್ಟಕಡೆಗೆ.

ಪ್ರಕಾಶಕರಲ್ಲಿ ಒಂದು ಅರಿಕೆ. ಯಾವುದರ ನಂತರ ಯಾವುದು ಎಂದು ಮೊದಲ ಪುಟದಲ್ಲಿ ನಾಲ್ಕು ಸಾಲು, ಜೊತೆಗೆ ನಾಯಕರ ವಂಶಾವಳಿ, ಕೋಟೆಯ ನಕ್ಷೆ ಹಾಕಿಸಿ. ಅಜ್ಜನ ಹೆಸರೇ ಮೊಮ್ಮಗನಿಗೆ. ಮದಕರಿ ಎಂಬ ಹೆಸರಿನವರೇ ಹಲವರು. ಮಾಯಕೊಂಡದ ಯುದ್ಧದಲ್ಲಿ ಮಡಿದ ಹಿರೇ ಮದಕರಿ ಬೇರೆ, ಹೈದರನ ಸೆರೆಯಾದವನು ಬೇರೆ ಎಂದು ಹೊಸಬರಿಗೆ ಹೇಳುವವರು ಯಾರು? ನಾನು ಹೋಗುವ ಗ್ರಂಥಾಲಯದಲ್ಲಿ ‘ರಕ್ತರಾತ್ರಿ’ ಎರಡು ಪ್ರತಿ ಇವೆ, ‘ತಿರುಗುಬಾಣ’ ಒಂದೂ ಇಲ್ಲ. ಓದುಗನನ್ನು ನಡುದಾರಿಯಲ್ಲಿ ಇಳಿಸಿದ ಹಾಗೆ.

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವ ನನ್ನ ತಮ್ಮನ ಮಗಳು ಆನ್‌ಲೈನ್‌ನಲ್ಲಿ ‘ದುರ್ಗಾಸ್ತಮಾನ’ ತರಿಸಿ, ಅರವತ್ತನೇ ಪುಟಕ್ಕೆ ಫೋನ್ ಮಾಡಿದಳು. “ದೊಡ್ಡಪ್ಪ, ಯಾರು ಯಾರ ಮಗ ಅಂತ್ಲೇ ತಿಳೀತಿಲ್ಲ.” ಟಿಕೆಟ್ ಲೆಕ್ಕ ಬರೆಯುವ ಹಳೇ ವೇ ಬಿಲ್‌ನ ಬೆನ್ನಿಗೆ ವಂಶಾವಳಿ ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ಅಮಾವಾಸ್ಯೆ ಪೂಜೆಗೆ ಊರಿಗೆ ಬಂದಾಗ ಆ ದಪ್ಪ ಪುಸ್ತಕ ಇಸಿದುಕೊಂಡು, ನನ್ನ ‘ಕಂಬನಿಯ ಕುಯಿಲು’ ಕೊಟ್ಟೆ. ಈಗ ‘ರಕ್ತರಾತ್ರಿ’ಯ ನಡುವಿನಲ್ಲಿದ್ದಾಳಂತೆ. ಅವಳ ‘ದುರ್ಗಾಸ್ತಮಾನ’ ಸದ್ಯ ನಮ್ಮ ಬೀರುವಿನಲ್ಲಿ, ಬೀಗದೊಳಗಿದೆ.

— ನಿವೃತ್ತ ಬಸ್ ನಿರ್ವಾಹಕ, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ