ಭಾನುವಾರದ ಮಾತುಕತೆ: ರಿಪ್ಲಿ ಎಂಬ ನದಿದಡದ ಊರು

ಎಲ್ಲರಿಗೂ ನಮಸ್ಕಾರ. ಈ ಸಲ ಅಮೆರಿಕದ ಒಹಾಯೊ ರಾಜ್ಯದ ರಿಪ್ಲಿ ಬಗ್ಗೆ ಮಾತಾಡೋಣ. ಒಹಾಯೊ ನದಿಯ ದಡದಲ್ಲಿರುವ ಪುಟ್ಟ ಊರು. ನದಿಯಾಚೆ ಕೆಂಟಕಿ. ಅಲ್ಲಿ ಗುಲಾಮಗಿರಿ ಇತ್ತು, ಈ ದಡದಲ್ಲಿ ಇರಲಿಲ್ಲ. ಊರಿನ ಕಥೆ ಶುರುವಾಗುವುದೇ ಅಲ್ಲಿಂದ.

ಗುಡ್ಡದ ಮೇಲೆ ಜಾನ್ ರ‍್ಯಾಂಕಿನ್ ಎಂಬ ಪಾದ್ರಿಯ ಮನೆ ಇದೆ. ನದಿ ದಾಟಿ ತಪ್ಪಿಸಿಕೊಂಡು ಬಂದವರಿಗೆ ಅವರ ಕುಟುಂಬ ಆಸರೆ ಕೊಟ್ಟಿತು. ಕಿಟಕಿಯಲ್ಲಿ ದೀಪ ಇಡುತ್ತಿದ್ದರು ಅಂತ ಊರಲ್ಲಿ ಇಂದಿಗೂ ಹೇಳುತ್ತಾರೆ.

ನನ್ನನ್ನು ಜಾಸ್ತಿ ಕಾಡುವುದು ಜಾನ್ ಪಾರ್ಕರ್. 8 ವರ್ಷದ ಹುಡುಗನನ್ನು ತಾಯಿಯಿಂದ ಕಿತ್ತು ಮಾರಿದ್ದರು. ಎರಕದ ಕೆಲಸ ಕಲಿತು, ದುಡಿದು, 1845ರಲ್ಲಿ 1,800 ಡಾಲರ್ ಕೊಟ್ಟು ತಮ್ಮ ಬಿಡುಗಡೆಯನ್ನು ತಾವೇ ಕೊಂಡುಕೊಂಡರು. ಆಮೇಲೆ ರಿಪ್ಲಿಯಲ್ಲಿ ನೆಲೆಸಿ ಕಬ್ಬಿಣದ ಎರಕದ ಕಾರ್ಖಾನೆ ನಡೆಸಿದರು. ತಂಬಾಕು ಒತ್ತುವ ಯಂತ್ರಕ್ಕೆ ಪೇಟೆಂಟ್ ಕೂಡ ಪಡೆದರು. ಹಗಲು ಕಾರ್ಖಾನೆ. ರಾತ್ರಿ ದೋಣಿ ಹತ್ತಿ ಕೆಂಟಕಿಗೆ ಹೋಗಿ ಜನರನ್ನು ಕರೆತರುತ್ತಿದ್ದರು. ಸಿಕ್ಕಿಬಿದ್ದರೆ ಪ್ರಾಣಕ್ಕೇ ಕುತ್ತು, ಅಲ್ವಾ? ನದಿಗೆ ಮುಖ ಮಾಡಿರುವ ಅವರ ಮನೆ ಈಗ ಮ್ಯೂಸಿಯಂ.

ಭಾನುವಾರ ಸಂಜೆ 6ಕ್ಕೆ ಸೇರೋಣ. ಅಷ್ಟರಲ್ಲಿ ಒಮ್ಮೆ ನಕ್ಷೆ ತೆಗೆದು ರಿಪ್ಲಿ ಎದುರಿನ ದಡ ಎಷ್ಟು ಹತ್ತಿರ ಇದೆ ಅಂತ ನೋಡಿ ಬನ್ನಿ.