ಸಬ್‌ಮರೀನ್ ಕಟ್ಟುವ ಹುಡುಗರೇ, ತಿರುಗುವ ಶಾಫ್ಟನ್ನು ಒಳಗೆ ತರಬೇಡಿ

ಮಾನ್ಯ ಸಂಪಾದಕರೇ,

ಕಬ್ಬಿಣದ ಪೈಪು, ಡ್ರಮ್ಮು ವೆಲ್ಡ್ ಮಾಡಿ ಮನೆಯಲ್ಲೇ ಸಬ್‌ಮರೀನ್ ಕಟ್ಟಿದವರ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಓದಿದರೆ ಖುಷಿಯಾಗುತ್ತದೆ. ಆದರೆ ಫೋಟೊದಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಹಿಂದಿನ ಪ್ರೊಪೆಲ್ಲರ್ ಕಡೆಗೆ. ಅದನ್ನು ತಿರುಗಿಸುವ ಕಡ್ಡಿ, ಅಂದರೆ ಶಾಫ್ಟು, ಗೋಡೆ ದಾಟಿ ಒಳಗಿನ ಮೋಟರಿಗೆ ಹೋಗುವ ತೂತಿನಲ್ಲಿ ಏನು ಕೂರಿಸಿದ್ದಾರೆ? ಆ ಬಗ್ಗೆ ಯಾರೂ ಒಂದು ಸಾಲೂ ಬರೆಯುವುದಿಲ್ಲ.

ನಾನು ಗಂಗೊಳ್ಳಿಯಲ್ಲಿ 26 ವರ್ಷದಿಂದ ಮೀನಿನ ಬೋಟುಗಳ ಶಾಫ್ಟು, ಗ್ಲ್ಯಾಂಡಿನ ಕೆಲಸ ಮಾಡುತ್ತಿದ್ದೇನೆ. ಗ್ಲ್ಯಾಂಡ್ ಅಂದರೆ ಶಾಫ್ಟು ಗೋಡೆ ದಾಟುವ ಜಾಗದಲ್ಲಿ ನೀರು ತಡೆಯುವ ಭಾಗ, ಬೋಟಿನಲ್ಲಿ ಅದರೊಳಗೆ ಗ್ರೀಸ್ ಹಚ್ಚಿದ ಪ್ಯಾಕಿಂಗ್ ಹಗ್ಗ ಇರುತ್ತದೆ. ಶಾಫ್ಟು ತಿರುಗುವಾಗ ಅದರಿಂದ ಹನಿ ಹನಿ ನೀರು ಬರಲೇಬೇಕು, ಪೂರ್ತಿ ಬಿಗಿ ಮಾಡಿದರೆ ಹಗ್ಗ ಸುಟ್ಟು ಶಾಫ್ಟಿಗೆ ಗೀರು ಬೀಳುತ್ತದೆ. ಬೋಟಿನಲ್ಲಿ ಆ ನೀರನ್ನು ಪಂಪು ಎತ್ತಿ ಹೊರಗೆ ಹಾಕುತ್ತದೆ, ಚಿಂತೆಯಿಲ್ಲ. ಸಬ್‌ಮರೀನಿನಲ್ಲಿ ಅದೇ ನೀರು ಭಾರವಾಗುತ್ತದೆ, ಭಾರವಾದರೆ ಅದು ಇನ್ನೂ ಕೆಳಗೆ ಹೋಗುತ್ತದೆ, ಕೆಳಗೆ ಹೋದಷ್ಟೂ ಒತ್ತಡ ಜಾಸ್ತಿ, ಸೋರಿಕೆಯೂ ಜಾಸ್ತಿ. ಪ್ರತಿ 10 ಮೀಟರಿಗೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಒತ್ತಡ ಏರುತ್ತದೆ. 30 ಮೀಟರ್ ಆಳದಲ್ಲಿ 25 ಮಿಲಿಮೀಟರ್ ಶಾಫ್ಟನ್ನೇ ನೀರು ಸುಮಾರು 15 ಕೆಜಿ ಬಲದಲ್ಲಿ ಒಳಗೆ ತಳ್ಳುತ್ತದೆ. ಅದನ್ನು ತಡೆಯುವ ಬೇರಿಂಗ್ ಬೇಕು ಅನ್ನುವುದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ.

ಹೋದ ವರ್ಷ ಇಬ್ಬರು ವಿದ್ಯಾರ್ಥಿಗಳು ಸಬ್‌ಮರೀನ್ ಮಾಡಲಿಕ್ಕೆ ಅಂತ ಒಂದು ಪೈಪು ತಂದರು. ಶಾಫ್ಟಿಗೆ ಗಾಡಿ ಇಂಜಿನ್ನಿನ ಆಯಿಲ್ ಸೀಲ್, ಅಂದರೆ ಶಾಫ್ಟನ್ನು ಸುತ್ತಿ ಹಿಡಿಯುವ ರಬ್ಬರ್ ಬಳೆ, ಹಾಕಿದ್ದರು. ಎರಡೂ ಕಡೆ ಮುಚ್ಚಿ, ನೀರು ತುಂಬಿ, ಕೈ ಪಂಪಿನಿಂದ 2 ಕೆಜಿ ಒತ್ತಡ ಕೊಟ್ಟೆ. ಒಂದು ಹನಿಯೂ ಬರಲಿಲ್ಲ. ಹುಡುಗರು ಕುಣಿದಾಡಿದರು. ಆಮೇಲೆ ಶಾಫ್ಟನ್ನು ಡ್ರಿಲ್ ಮಿಷನ್ನಿಗೆ ಜೋಡಿಸಿ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಸುಟ್ಟ ರಬ್ಬರ್ ವಾಸನೆ, ಹಿಂದೆಯೇ ನೀರಿನ ಎಳೆ. ಬಿಚ್ಚಿ ನೋಡಿದರೆ ಸೀಲಿನ ತುಟಿ ಕಪ್ಪಾಗಿ ಹರಿದಿತ್ತು, ಶಾಫ್ಟಿನ ಮೇಲೆ ಉಗುರಿಗೆ ಸಿಗುವಷ್ಟು ಗೀರು. ಮಾಮೂಲಿ ಆಯಿಲ್ ಸೀಲ್ ಇರುವುದು ಗ್ರೀಸು, ಎಣ್ಣೆ ತಡೆಯಲಿಕ್ಕೆ. ಅದರ ಮೇಲೆ ಅರ್ಧ ಕೆಜಿಯೂ ಹೇರಬಾರದು. ನಿಂತ ಶಾಫ್ಟು ಸೋರಲಿಲ್ಲ ಅಂದರೆ ತಿರುಗುವ ಶಾಫ್ಟು ಸೋರುವುದಿಲ್ಲ ಅಂತ ಅಲ್ಲ. ಆ ಮಕ್ಕಳು ಮುಂದಿನ ಭಾನುವಾರ ಅದರೊಳಗೆ ಕೂತು ಹೊಳೆಗೆ ಇಳಿಯುವವರಿದ್ದರು. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ದಾರಿ ಇದೆ. ನಮ್ಮ ಬೋರ್‌ವೆಲ್ ಮೋಟರ್ ನೋಡಿ, ನೂರಾರು ಅಡಿ ಆಳದಲ್ಲಿ ವರ್ಷಗಟ್ಟಲೆ ಓಡುತ್ತದೆ ಅಲ್ವಾ? ಅದರೊಳಗೆ ಮೊದಲೇ ನೀರೋ ಎಣ್ಣೆಯೋ ತುಂಬಿರುತ್ತದೆ, ತಳದಲ್ಲಿ ಒಂದು ರಬ್ಬರ್ ಪೊರೆ. ಹೊರಗಿನ ಒತ್ತಡ ಆ ಪೊರೆಯನ್ನು ಒತ್ತಿದಾಗ ಒಳಗೂ ಅಷ್ಟೇ ಒತ್ತಡ ಆಗುತ್ತದೆ, ಹಾಗಾಗಿ ಸೀಲಿಗೆ ಹೊರೆಯೇ ಬೀಳುವುದಿಲ್ಲ. ಸಬ್‌ಮರೀನಿಗೂ ಹೀಗೇ ಮಾಡಿ. ಬ್ರಷ್ ಇಲ್ಲದ ಮೋಟರನ್ನು ಎಣ್ಣೆ ತುಂಬಿದ ಡಬ್ಬಿಯಲ್ಲಿಟ್ಟು ಹೊರಗೇ ಕೂರಿಸಿ. 6000 ಮೀಟರ್ ಆಳಕ್ಕೆ ಮೂವರನ್ನು ಕಳಿಸಲು ಚೆನ್ನೈಯಲ್ಲಿ ತಯಾರಾಗುತ್ತಿರುವ ಮತ್ಸ್ಯ 6000 ಅನ್ನುವ ಮುಳುಗು ನೌಕೆಯಲ್ಲೂ ಜನ ಕೂರುವುದು ಟೈಟಾನಿಯಂ ಗೋಳದೊಳಗೆ, ತಳ್ಳುವ ಮೋಟರುಗಳೆಲ್ಲ ಗೋಳದ ಹೊರಗೆ.

ಆಗ ಗೋಡೆ ದಾಟುವುದು ವೈರು ಮಾತ್ರ, ಅದು ತಿರುಗುವುದಿಲ್ಲ. ಆದರೆ ಬರೀ ವೈರನ್ನು ಸುಮ್ನೆ ತೂರಿಸಬೇಡಿ. ಹೊರಗೆ ವೈರಿನ ಸಿಪ್ಪೆ ಎಲ್ಲಾದರೂ ಹರಿದರೆ ತಾಮ್ರದ ಎಳೆಗಳ ಸಂದಿನಿಂದಲೇ ನೀರು ಒಳಗೆ ಬರುತ್ತದೆ. ಗೋಡೆಯ ಜಾಗದಲ್ಲಿ ಗಟ್ಟಿ ತಾಮ್ರದ ಕಡ್ಡಿ ಇಟ್ಟು, ಸುತ್ತ ಎಪಾಕ್ಸಿ ತುಂಬಿ, ಎರಡೂ ಕಡೆ ವೈರನ್ನು ಅದಕ್ಕೆ ಬೆಸುಗೆ ಹಾಕಿ.

ಸಂಪಾದಕರೇ, ಇನ್ನು ಮುಂದೆ ಇಂಥ ಸುದ್ದಿ ಹಾಕುವಾಗ ಶಾಫ್ಟಿಗೆ ಯಾವ ಸೀಲ್, ಎಷ್ಟು ಒತ್ತಡದಲ್ಲಿ ತಿರುಗಿಸಿ ನೋಡಿದ್ದೀರಿ ಅಂತ ವರದಿಗಾರರು ಕಟ್ಟಿದವರನ್ನು ಕೇಳಲಿ, ಉತ್ತರವನ್ನೂ ಅಚ್ಚು ಹಾಕಿ. ನಮ್ಮ ಕಡೆಯ ಹುಡುಗರು ಯಾರಾದರೂ ಕಟ್ಟುತ್ತಿದ್ದರೆ ನೀರಿಗೆ ಇಳಿಯುವ ಮೊದಲು ಬಂದರಿನ ಹತ್ತಿರ ನನ್ನ ಲೇತ್ ಅಂಗಡಿಗೆ ತರಲಿ. ಪಂಪು ಇದೆ, ದುಡ್ಡು ಬೇಡ.

– ಬೋಟ್ ಮೆಕ್ಯಾನಿಕ್, ಗಂಗೊಳ್ಳಿ