ಅಚ್ಚು ಕಳಿಸುತ್ತಿದ್ದೇನೆ, ಮಗಳೇ

ಬಳ್ಳಾರಿ
ಡಿಸೆಂಬರ್ 27

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಅಳಿಯಂದಿರು, ಕೂಸು ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ.

ಮೊನ್ನೆ ಹಬ್ಬದ ದಿನ ಮುಖ ನೋಡಿ ಮಾತಾಡಿದ್ದಾಯಿತಲ್ಲ, ಮತ್ತೆ ಪತ್ರ ಯಾಕೆ ಅಂತೀಯೇನೋ. ಅವತ್ತು ಫೋನಿನ ಸುತ್ತ ಹದಿನೈದು ಜನ. ಒಬ್ಬರ ಕೈಯಿಂದ ಒಬ್ಬರು ಕಸಿದುಕೊಂಡು ಮರ ತೋರಿಸು, ನಕ್ಷತ್ರ ತೋರಿಸು, ಹಿಮ ಬಿದ್ದಿದೆಯಾ ತೋರಿಸು ಅಂತಿದ್ದರು. ಆ ಗದ್ದಲದಲ್ಲಿ ನಾನೊಂದು ಮಾತು ಆಡಿಬಿಟ್ಟೆ: "ಹಬ್ಬದ ದಿನಾನೂ ಚರ್ಚಿಗೆ ಹೋಗಲಿಲ್ಲೇನು?" "ಬಸ್ಸಿಲ್ಲಮ್ಮ, ರೈಲೂ ಇಲ್ಲ" ಅಂದೆ ನೀನು. ಲಂಡನ್ನಿನಾಗ ರೈಲಿಲ್ಲ ಅಂತಾಳಲ್ಲ ಅಂತ ಚಿಕ್ಕಮ್ಮ ನಕ್ಕಳು, ಎಲ್ಲರೂ ನಕ್ಕರು. ನಾನು ತಡೆಯಲಿಲ್ಲ.

ರಾತ್ರಿ ಅಳಿಯಂದಿರು ಮೆಸೇಜು ಮಾಡಿದಾಗಲೇ ನನಗೆ ತಿಳಿದದ್ದು. ಡಿಸೆಂಬರ್ 25ರಂದು ಅಲ್ಲಿ ನೆಲದಡಿಯ ರೈಲೂ ಇಲ್ಲ, ಸಿಟಿ ಬಸ್ಸೂ ಇಲ್ಲ. ದೊಡ್ಡ ಅಂಗಡಿಗಳು ಬಾಗಿಲು ತೆರೆಯುವಂತಿಲ್ಲವೆಂದು ಕಾನೂನೇ ಇದೆಯಂತೆ. ನಮ್ಮೂರಲ್ಲಿ ಹಬ್ಬ ಬಂತೆಂದರೆ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಬ್ಬಕ್ಕೆಂದೇ ಬಸ್ಸು ನಿಲ್ಲಿಸುವ ಊರೊಂದಿದೆ ಅಂತ ನಾನು ಎಲ್ಲಿಂದ ತಿಳಿಯಲಿ? ಆದರೂ ತಿಳಿಯದ ಮಾತನ್ನು ಹದಿನೈದು ಜನರ ಎದುರು ಆಡಬಾರದಿತ್ತು. ಒಂದೂವರೆ ವರ್ಷದ ಕೂಸನ್ನು ಎತ್ತಿಕೊಂಡು ಆ ಚಳಿಯಲ್ಲಿ ನೀನು ಎಷ್ಟು ದೂರ ನಡೆಯುತ್ತಿದ್ದೆ? ತಪ್ಪು ನನ್ನದು. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇನ್ನೊಂದು ವಿಷಯ. ಕೊನೆಗೆ ಕೂಸು ಫೋನು ಎಳೆದಾಗ ನಿನ್ನ ಅಡುಗೆಮನೆಯ ಕಟ್ಟೆ ಒಂದು ಕ್ಷಣ ಕಂಡಿತು. ಹಬ್ಬಕ್ಕೆಂದು ನೀನು ಅಚ್ಚಿನಲ್ಲಿ ಕರಿದ ಗುಲಾಬಿ ಹೂವಿನ ತಿಂಡಿ, ತಟ್ಟೆ ತುಂಬ ಮುರಿದ ಹೂಗಳು. ಒಂದಕ್ಕೂ ಎಸಳು ಉಳಿದಿರಲಿಲ್ಲ. ನೀನು ತಟ್ಟನೆ ಫೋನು ತಿರುಗಿಸಿಕೊಂಡೆ. ನಮ್ಮ ಫೋನು ಬರುವಷ್ಟರಲ್ಲಿ ಎಲ್ಲ ಸಜ್ಜಾಗಿರಬೇಕೆಂದು ಬೆಳಗಿನ ಐದಕ್ಕೇ ಎದ್ದಿದ್ದೆಯಂತೆ. ಹೊಗೆಗೆ ಅಲಾರಾಂ ಹೊಡೆದುಕೊಂಡಿತಂತೆ, ಕೂಸು ಬೆಚ್ಚಿಬಿದ್ದು ಅತ್ತಿತಂತೆ, ನೀನೂ ಕೂತು ಅತ್ತೆಯಂತೆ. ಆಮೇಲೆ ಮುಖ ತೊಳೆದು, ರೇಷ್ಮೆ ಸೀರೆ ಉಟ್ಟು, ಹನ್ನೆರಡಕ್ಕೆ ನಮ್ಮೆದುರು ನಗುತ್ತಾ ಕೂತೆ. ನಮಗಾಗ ಸಂಜೆ ಐದೂವರೆ, ಹೊಟ್ಟೆ ತುಂಬ ಬಿರಿಯಾನಿ ಉಂಡು ಆಗಿತ್ತು.

ಹಿಟ್ಟಿನದೇನೂ ತಪ್ಪಿರಲಿಕ್ಕಿಲ್ಲ. ಮೈದಾ, ಅಕ್ಕಿಹಿಟ್ಟು, ಮೊಟ್ಟೆ, ಸಕ್ಕರೆ, ತೆಂಗಿನಹಾಲು, ನಿನಗೆ ಗೊತ್ತಿದ್ದದ್ದೇ. ಹೊಸ ಅಚ್ಚು ಹಿಟ್ಟನ್ನು ಬಿಡುವುದಿಲ್ಲ. ಅದನ್ನು ಒಂದು ರಾತ್ರಿ ಎಣ್ಣೆಯಲ್ಲಿ ಮುಳುಗಿಸಿಡಬೇಕು. ಕರಿಯುವಾಗಲೂ ಮೊದಲು ಅಚ್ಚು ಎಣ್ಣೆಯಲ್ಲೇ ಕಾಯಬೇಕು. ಹಿಟ್ಟಿಗೆ ಅದ್ದಿದಾಗ "ಚುಂಯ್" ಅನ್ನಬೇಕು. ಮುಕ್ಕಾಲು ಭಾಗ ಮಾತ್ರ ಅದ್ದು. ಹಿಟ್ಟು ಮೇಲಿನ ಅಂಚು ಹತ್ತಿತೋ, ಹೂವು ಅಚ್ಚನ್ನು ಅಪ್ಪಿಕೊಂಡುಬಿಡುತ್ತದೆ, ಚಾಕುವಿನಿಂದ ಎಬ್ಬಿಸಬೇಕಾಗುತ್ತದೆ. ನಿನ್ನ ಕರೆಂಟಿನ ಒಲೆಯಲ್ಲಿ ಎಣ್ಣೆ ಬೇಗ ಆರುತ್ತಿರಬಹುದು, ಚಿಕ್ಕ ಬಾಣಲಿ ಇಡು.

ಅಳಿಯಂದಿರು ಇನ್ನೊಂದು ಸಂಗತಿಯನ್ನೂ ಬರೆದಿದ್ದರು, ಅದನ್ನು ನೀನು ನಮಗೆ ಹೇಳಲೇ ಇಲ್ಲ. ಫೋನು ಇಟ್ಟ ಮೇಲೆ, ನಾಲ್ಕು ಗಂಟೆಗೆಲ್ಲ ಕತ್ತಲಾದಾಗ, ಮೂವರೂ ಒಂದೇ ರಗ್ಗು ಹೊದ್ದು ಕೂತಿರಂತೆ. ಅವರು ಬೈಬಲಿನಿಂದ ಯೇಸು ಹುಟ್ಟಿದ ಕಥೆಯಿರುವ ಲೂಕನ ಎರಡನೇ ಅಧ್ಯಾಯ ಕನ್ನಡದಲ್ಲಿ ಓದಿದರಂತೆ, ನೀನು ಹಾಡಿದೆಯಂತೆ, ಮುರಿದ ಚೂರುಗಳನ್ನೆಲ್ಲ ಕೂಸೇ ಆರಿಸಿ ತಿಂದಿತಂತೆ. ಇದನ್ನು ಓದಿ ನನಗೆ ನಿದ್ದೆ ಬರಲಿಲ್ಲ. ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ ನೆನಪಾದರು. ಅವರ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ನಿನಗೂ ಹೇಳಿಕೊಟ್ಟಿದ್ದರು. 1810ರಲ್ಲಿ ಹಡಗಿಳಿದು ನಮ್ಮ ಬಳ್ಳಾರಿಗೆ ಬಂದವರು, ಇಲ್ಲೇ ಕೂತು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದವರು. ಅವರ ಜೊತೆಗಿದ್ದ ವಿಲಿಯಂ ರೀವ್ ಅವರು ಕನ್ನಡದ ನಿಘಂಟನ್ನೇ ಕಟ್ಟಿದರು. ಅವತ್ತಿನ ಕನ್ನಡ ಬೇರೆ, ಆಮೇಲೆ ಎಷ್ಟೋ ತಿದ್ದುಪಡಿ ಆಗಿದೆ. ಆದರೆ ಅಲ್ಲಿಂದ ಬಂದವರು ಈ ಬೆಟ್ಟದ ಬುಡದ ಊರಲ್ಲಿ ಕನ್ನಡಕ್ಕೆ ಇಳಿಸಿದ ಮಾತು ಈಗ ಲಂಡನ್ನಿನ ಒಂದು ಕೋಣೆಯಲ್ಲಿ ನನ್ನ ಮೊಮ್ಮಗುವಿನ ಕಿವಿಗೆ ಬಿತ್ತಲ್ಲ! ಈ ಊರಲ್ಲಿ ಅವರ ಮೊದಲ ಕ್ರಿಸ್ಮಸ್ ಹೇಗೆ ಕಳೆಯಿತೋ, ಅವತ್ತು ಏನು ಉಂಡರೋ ಅಂತ ಯೋಚಿಸುತ್ತಾ ಮಲಗಿದ್ದೆ.

ನಿಮ್ಮ ಹಬ್ಬ ಆಗಿದ್ದು ಆ ರಗ್ಗಿನೊಳಗೆ, ಮಗಳೇ. ರೇಷ್ಮೆ ಸೀರೆ ನಮ್ಮ ಕಣ್ಣಿಗೆ. ನಮಗೆ ತೋರಿಸಲೆಂದು ಇನ್ನು ಏನೂ ಮಾಡಬೇಡ.

ನನ್ನ ಅತ್ತೆಯ ಹಿತ್ತಾಳೆ ಅಚ್ಚನ್ನು ಪಾರ್ಸೆಲ್ ಮಾಡುತ್ತಿದ್ದೇನೆ, ಹಳೇ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತಿದ್ದೇನೆ. ಹಿಡಿಕೆ ಸ್ವಲ್ಪ ಸಡಿಲ, ಅದು ಮೊದಲಿಂದಲೂ ಹಾಗೇ. ಅದಕ್ಕೆ ಸೋಪು ಹಚ್ಚಬೇಡ, ಬಟ್ಟೆಯಲ್ಲಿ ಒರೆಸಿಡು ಸಾಕು. ಮುಂದಿನ ವರ್ಷ ಹೂವು ಕರಿಯುವಾಗ ನಮ್ಮ ಫೋನು ಬಂದರೆ ಎತ್ತಬೇಡ. ಎಣ್ಣೆ ಕಾದಿರುತ್ತದೆ, ಕೂಸು ಕಾಲಡಿ ಓಡಾಡುತ್ತಿರುತ್ತದೆ.

ನಿನ್ನ ಅಮ್ಮ